ಹದಿನೇಳು ಗಂಟೆಯ ದೂರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದ ದಾರಿ ಸುಮಾರು 14,000 ಕಿಲೋಮೀಟರ್. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವಿನ ನೇರ ದೂರವೂ ಸುಮಾರು 20,000 ಕಿಲೋಮೀಟರನ್ನು ಮೀರುವಂತಿಲ್ಲ. ಈ ದಾರಿ ಅದರ ಮೂರನೆಯ ಎರಡು ಪಾಲಿಗಿಂತ ತುಸು ಹೆಚ್ಚು. ಎರಡೂ ಊರುಗಳು ಗೋಳದ ಮೇಲೆ ಹೆಚ್ಚುಕಡಿಮೆ ಎದುರುಬದುರಾಗಿರುವ ರೇಖಾಂಶಗಳಲ್ಲಿವೆ. ಹಾಗಾಗಿ ಅತಿ ಹತ್ತಿರದ ದಾರಿ ಉತ್ತರದ ಆರ್ಕ್ಟಿಕ್ ವಲಯದಲ್ಲಿ ಹಾಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದಲೇ ಏರ್ ಇಂಡಿಯಾ ವಿಮಾನವನ್ನು ಎಲ್ಲೂ ಇಳಿಸದೆ ಬೆಂಗಳೂರಿಗೆ ತಂದರು. ಸುಮಾರು ಹದಿನೇಳು ಗಂಟೆಯ ಹಾರಾಟ.

ಹಿಂದೆ ಈ ದೂರ ಹೀಗಿರಲಿಲ್ಲ. 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದ ವಿವೇಕಾನಂದರು ಶಿಕಾಗೋ ಮುಟ್ಟಿದ್ದು ಜುಲೈ ಕೊನೆಗೆ. ತಂತಿ ಆಗಲೇ ಬಂದಿತ್ತು. ಸುದ್ದಿ ಬೇಗ ದಾಟುತ್ತಿತ್ತು, ಮನುಷ್ಯನಿಗೆ ಮಾತ್ರ ವಾರಗಟ್ಟಲೆ ಬೇಕಿತ್ತು. ಮನೆಯ ಸಾವಿಗೆ ಕಡಲಾಚೆಯಿಂದ ಬಾರದ ಮಗನನ್ನು ಆಗ ಯಾರು ದೂರಿಯಾರು?

ಈಗ ದೂರುತ್ತೇವೆ. ಶವವಿಟ್ಟ ಫ್ರೀಜರ್ ಪೆಟ್ಟಿಗೆಯ ಸುತ್ತ ಕುಳಿತವರಲ್ಲಿ ಒಬ್ಬರಾದರೂ ಅನ್ನುತ್ತಾರೆ: “ಒಂದು ವಿಮಾನ ಹತ್ತಿದ್ದರೆ ಇಷ್ಟು ಹೊತ್ತಿಗೆ ಇಲ್ಲಿರ್ತಿದ್ದ.” ಈ ಮಾತು ನನಗೆ ಅನ್ಯಾಯವೆನಿಸುತ್ತದೆ. ಹದಿನೇಳು ಗಂಟೆ ವಿಮಾನದ ಲೆಕ್ಕ. ಮಗನ ಲೆಕ್ಕದಲ್ಲಿ ರಜೆ ಇದೆ, ವೀಸಾ ಸ್ಟ್ಯಾಂಪಿಂಗ್ ಇದೆ, ಒಮ್ಮೆ ಹೊರಬಿದ್ದರೆ ಹೆಂಡತಿ ಮಕ್ಕಳಿರುವ ಮನೆಗೆ ಮತ್ತೆ ಹೋಗಲು ಬಿಡುತ್ತಾರೋ ಇಲ್ಲವೋ ಎಂಬ ಭಯವಿದೆ. ಇಷ್ಟೆಲ್ಲ ದಾಟಿ ದೇವನಹಳ್ಳಿಯಲ್ಲಿ ಇಳಿದರೆ, ತೀರ್ಥಹಳ್ಳಿಗೋ ಸಿರಸಿಗೋ ಮತ್ತೊಂದು ರಾತ್ರಿಯ ಕಾರಿನ ಹಾದಿ.

ಆದರೆ ಇದಕ್ಕಿಂತ ಉದ್ದದ ದೂರವನ್ನು ಮನೆಯವರೇ ಬೆಳೆಸುತ್ತಾರೆ. ಅಪ್ಪನ ಆಸ್ಪತ್ರೆಯ ರಿಪೋರ್ಟ್ ಬಂದ ದಿನ ಅಮ್ಮ ಹೇಳುತ್ತಾಳೆ, “ಅವನಿಗೆ ಈಗಲೇ ಹೇಳೋದು ಬೇಡ, ಅಷ್ಟು ದೂರದಲ್ಲಿ ಗಾಬರಿಯಾಗ್ತಾನೆ.” ಇಲ್ಲಿ ರಾತ್ರಿಯಾದರೆ ಅಲ್ಲಿ ಬೆಳಗು, ಗಡಿಯಾರಗಳ ನಡುವೆ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ. ಅವನು ಕೆಲಸಕ್ಕೆ ಹೊರಡುವ ಹೊತ್ತು ಎಂದು ಇವತ್ತು ಬಿಟ್ಟದ್ದು ಭಾನುವಾರಕ್ಕೆ ಹೋಗುತ್ತದೆ, ಆ ಭಾನುವಾರ ಮುಂದಿನದಕ್ಕೆ. ವಿಡಿಯೋ ಕರೆಯಲ್ಲಿ ಡ್ರಿಪ್ ಚುಚ್ಚಿದ ಕೈ ಹೊದಿಕೆಯೊಳಗಿರುತ್ತದೆ. ಅತ್ತ ಕೆಲಸ ಕಳೆದುಕೊಂಡ ಮಗನೂ ಇಸ್ತ್ರಿ ಅಂಗಿ ತೊಟ್ಟು ನಗುತ್ತಿರಬಹುದು. ಧ್ರುವ ದಾಟುವ ವಿಮಾನವನ್ನು ಕಟ್ಟಿದ ಕಾಲದಲ್ಲಿ ಸುದ್ದಿಯನ್ನು ಹೀಗೆ ನಾವೇ ಹಡಗಿಗೆ ಹತ್ತಿಸುತ್ತಿದ್ದೇವೆ.

ಮುಚ್ಚಿಡುವುದು ಪ್ರೀತಿಯಿಂದಲೇ, ಗೊತ್ತು. ಆದರೂ ಬರುವುದೋ ಬಿಡುವುದೋ ಎಂಬ ತೀರ್ಮಾನ ಮಗನಿಗೆ ಸೇರಿದ್ದು. ಹೇಳದೆ ಉಳಿದರೆ ಅವನ ಪರವಾಗಿ ನಾವೇ ತೀರ್ಮಾನಿಸಿಬಿಟ್ಟಂತೆ. ರಿಪೋರ್ಟ್ ಬಂದ ದಿನವೇ ಹೇಳಿಬಿಡಿ. ಅವನಿಗೆ ಬರಲಾಗದೆ ಇರಬಹುದು. ಆಗ “ಆಗ್ತಿಲ್ಲ ಅಪ್ಪಾ” ಎಂದು ಅವನ ಬಾಯಿಂದಲೇ ಬರಲಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತೋಟದ ಖಾತೆಯ ವಿಷಯವನ್ನೋ, ಅಕ್ಕನ ಮೇಲಿನ ಹಳೆಯ ಮುನಿಸನ್ನೋ ಎತ್ತಬಹುದು. ಅದನ್ನು ಮಾತಾಡಿ ಮುಗಿಸಲು ಇಬ್ಬರಿಗೂ ಇನ್ನೂ ದಿನಗಳಿರುತ್ತವೆ.