ಜಬಾಲೆಯ ಮಗ



ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಸತ್ಯಕಾಮನ ಕಥೆ ಬರುತ್ತದೆ. ಗುರುಕುಲ ಸೇರಬೇಕೆಂಬ ಆಸೆಯಿಂದ ಹುಡುಗ ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ಆಕೆಗೆ ಅದು ತಿಳಿಯದು. ಯೌವನದಲ್ಲಿ ಹಲವು ಕಡೆ ಚಾಕರಿ ಮಾಡಿಕೊಂಡಿದ್ದಾಗ ಅವನನ್ನು ಹೆತ್ತೆನೆಂದೂ, ತನ್ನ ಹೆಸರನ್ನೇ ಸೇರಿಸಿ ಸತ್ಯಕಾಮ ಜಾಬಾಲ ಎಂದು ಹೇಳಿಕೊಳ್ಳಬೇಕೆಂದೂ ಆಕೆ ಮಗನಿಗೆ ತಿಳಿಸುತ್ತಾಳೆ. ಹುಡುಗ ಹಾರಿದ್ರುಮತ ಗೌತಮರ ಮುಂದೆ ನಿಂತು ಅಷ್ಟನ್ನೂ ಮರೆಮಾಚದೆ ಹೇಳಿಬಿಡುತ್ತಾನೆ. ಸತ್ಯವನ್ನು ಬಿಡದ ಆ ಹುಡುಗನನ್ನು ಗುರುಗಳು ಶಿಷ್ಯನಾಗಿ ಸ್ವೀಕರಿಸುತ್ತಾರೆ.

ಅವನಿಗೆ ಸಿಕ್ಕ ಮೊದಲ ಕೆಲಸ 400 ಬಡಕಲು ಹಸುಗಳನ್ನು ಕಾಯುವುದು. ಅವು ಸಾವಿರವಾಗುವವರೆಗೆ ಹಿಂತಿರುಗುವುದಿಲ್ಲವೆಂದು ಅವನೇ ಸಂಕಲ್ಪ ಮಾಡಿ ಹೊರಡುತ್ತಾನೆ. ಇಷ್ಟು ಹಟ ಆ ಹುಡುಗನಿಗೆ ಎಲ್ಲಿಂದ ಬಂತು? ಉಪನಿಷತ್ತು ಅದನ್ನು ಹೇಳುವುದಿಲ್ಲ. ದುಡಿದು ತನ್ನನ್ನು ಸಾಕಿದ ತಾಯಿಯನ್ನು ಅವನು ದಿನವೂ ನೋಡಿದ್ದನಲ್ಲ, ಅದೇ ಕಾರಣವಿರಬೇಕೆಂದು ನನ್ನ ಭಾವನೆ.

ಕೆಲವು ವಾರಗಳ ಹಿಂದೆ ನಮ್ಮ ದೇವಸ್ಥಾನದ ಬಾಲವಿಹಾರದಲ್ಲಿ ಈ ಕಥೆ ಹೇಳಿದೆ. ಮುಗಿದ ಮೇಲೆ ಒಬ್ಬ ಪುಟ್ಟ ಹುಡುಗಿ ಕೇಳಿದಳು: "ಅಂಕಲ್, ನಿಮ್ಮ ಅಮ್ಮ ಏನು ಕೆಲಸ ಮಾಡ್ತಿದ್ರು?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮಮ್ಮ ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದಳು. ಇಂಜಿನಿಯರಿಂಗ್ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನಾನು ಬರೆದದ್ದು "ಗೃಹಿಣಿ" ಎಂದು. ಅಮ್ಮ ಪಕ್ಕದಲ್ಲೇ ನಿಂತು ಅದನ್ನು ಓದಿದಳು, ಏನೂ ಅನ್ನಲಿಲ್ಲ. ಸತ್ಯಕಾಮ ಗುರುಗಳೆದುರು ಹೇಳಿದ್ದನ್ನು ಒಂದು ಕಾಗದದ ಮೇಲೆ ಬರೆಯಲು ನನ್ನಿಂದ ಆಗಲಿಲ್ಲ.

ಅಂದು ಮಕ್ಕಳೆದುರು ಎಲ್ಲವನ್ನೂ ಹೇಳಿದೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ರಾತ್ರಿ ಕೆಲಸ ಮುಗಿಸಿ ಬಂದು ನನ್ನ ಎದುರಿಗೆ ಕೂತು, "ಇವತ್ತಿನ ಪಾಠ ನಂಗೆ ಅರ್ಥ ಆಗೋ ಹಾಗೆ ಹೇಳೋ" ಎನ್ನುತ್ತಿದ್ದಳು. ಆಯಾಸಕ್ಕೆ ಕಣ್ಣು ಮುಚ್ಚಿಹೋಗುತ್ತಿದ್ದರೂ ಪೂರ್ತಿ ಕೇಳದೆ ಮಲಗಿದವಳಲ್ಲ.

ಆ ದಿನಗಳಲ್ಲೇ ನಾನು ಸಂಜೆ ತರಗತಿಗಳ ಮಾಸ್ಟರ್ಸ್ ಓದನ್ನು ನಿಲ್ಲಿಸಬೇಕೆಂದಿದ್ದೆ. ಆಫೀಸು, ಮನೆ, ಮಕ್ಕಳ ನಡುವೆ ಒಂದು ವಿಷಯದಲ್ಲಿ ಫೇಲಾಗಿತ್ತು. ಈ ವಯಸ್ಸಿನಲ್ಲಿ ಯಾಕೆ ಬೇಕು ಅನ್ನಿಸಿತ್ತು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅದನ್ನೂ ಹೇಳಿದೆ, ಹಳೆಯ ಅರ್ಜಿಯ ವಿಷಯವನ್ನೂ ಹೇಳಿ ಕ್ಷಮೆ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದಿರಲಿ ಬಿಡೋ. ಯಾವ ಪಾಠ ಕಷ್ಟ ಆಗಿದ್ದು? ನಂಗೆ ಅರ್ಥ ಆಗೋ ಹಾಗೆ ಹೇಳು" ಎಂದಳು.

ಹೇಳಲು ಹೋಗಿ ಅರ್ಧಕ್ಕೇ ನಿಂತೆ. ನನಗೇ ಸರಿಯಾಗಿ ಅರ್ಥವಾಗಿರಲಿಲ್ಲ. ಈಗ ಆ ವಿಷಯವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ.

ಬಂಧುಗಳೇ, ನಮ್ಮ ಮಕ್ಕಳಿಗೆ ನಾವು ಗೋತ್ರ, ನಕ್ಷತ್ರ ಕಲಿಸುತ್ತೇವೆ, ಅರ್ಚನೆಗೆ ನಿಂತಾಗ ಹೇಳಿಸುತ್ತೇವೆ. ಅದು ಬೇಕಾದದ್ದೇ. ಅದರ ಜೊತೆಗೆ ಅವರ ಅಜ್ಜಿ ಎಷ್ಟು ಮನೆಗಳಲ್ಲಿ ದುಡಿದಳು, ತಾತ ಯಾರ ಬಳಿ ಸಾಲ ಮಾಡಿ ಫೀಸು ಕಟ್ಟಿದರು ಎಂಬುದನ್ನೂ ಹೇಳೋಣ. "ನಿಮಗೆಲ್ಲಾ ಸುಲಭವಾಗಿ ಸಿಕ್ಕಿದೆ" ಎಂದು ಗದರಿಸುವುದಕ್ಕಲ್ಲ. ಕಷ್ಟದ ಪಾಠ ಎದುರಾದಾಗ ತಮ್ಮ ಹಿಂದೆ ಯಾರು ನಿಂತಿದ್ದಾರೆಂದು ಅವರಿಗೆ ಗೊತ್ತಿರಲಿ. ಸತ್ಯಕಾಮ ಮುಂದೆ ತಾನೇ ದೊಡ್ಡ ಆಚಾರ್ಯನಾದ. ಆಗಲೂ ಅವನು ಜಾಬಾಲನೇ, ಜಬಾಲೆಯ ಮಗನೇ.

ಹೆತ್ತವರ ಶ್ರಮವನ್ನು ಮುಚ್ಚಿಡದೆ ಹೇಳುವ ಧೈರ್ಯವನ್ನೂ, ಹಿಡಿದ ಓದನ್ನು ಮುಗಿಸುವ ಶಕ್ತಿಯನ್ನೂ ಭಗವಂತ ನಮ್ಮೆಲ್ಲರಿಗೂ ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.