ದಂಡವೂ ಹೊಣೆಯೂ

ಸಂತೆಯಲ್ಲಿ ಹೂ ಮಾರುವವಳು ತೆಳುಚೀಲದಲ್ಲಿ ಒಂದು ಮೊಳ ಮಲ್ಲಿಗೆಯನ್ನು ಹಾಕಿಕೊಟ್ಟರೆ ಪುರಸಭೆಯವರು ಅವಳಿಗೆ ದಂಡ ವಿಧಿಸುವರು. ಆ ಚೀಲವನ್ನು ಬೇಡಿದವನು ಬರಿಗೈಯಲ್ಲಿ ಮನೆಯಿಂದ ಹೊರಟ ಗೃಹಸ್ಥ. ಮಾಡಿದವನು ದೂರದ ಕಾರ್ಖಾನೆಯ ಒಡೆಯ. ತಪ್ಪು ಯಾರದು?

ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚಗಳ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ಹಲವು ವಸ್ತುಗಳಿಗೆ ಕೇಂದ್ರದ ನಿಷೇಧವೂ ಬಂದಿತು. ಶಾಸನದ ಕಣ್ಣಿಗೆ ಮೂವರೂ ಹೊಣೆಗಾರರೇ. ಆದರೆ ಕೇಂದ್ರದ 2016ರ ನಿಯಮಗಳು ತಯಾರಿಕೆಯ ಮೇಲ್ವಿಚಾರಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ವಹಿಸಿದವು. ಸ್ಥಳೀಯ ಸಂಸ್ಥೆಗಳ ಪಾಲಿಗೆ ಬಂದುದು ಬೀದಿ. ಬೀದಿಯಲ್ಲಿ ಸುಲಭವಾಗಿ ಕೈಗೆ ಸಿಕ್ಕುವವಳು ಹೂವಾಡಗಿತ್ತಿ. ಅವಳಿಗೆ ಆ ದಂಡವೆಂದರೆ ಮನೆಯವರ ಅಂದಿನ ಅನ್ನ.

ಹಾಗೆಂದು ದಂಡವೇ ಕೂಡದೆನ್ನಲೂ ಬಾರದು. ಚರಂಡಿಯಲ್ಲಿ ಕಟ್ಟಿಕೊಂಡ ಚೀಲಗಳನ್ನು ಎತ್ತುವವರು ಪೌರಕಾರ್ಮಿಕರು. ಎಂಜಲಿನೊಡನೆ ಅವನ್ನು ನುಂಗಿ ನರಳುವುದು ಬೀದಿಯ ಹಸು. ಇವರಾರೂ ಚೀಲವನ್ನು ಬೇಡಿದವರಲ್ಲ. ಬಡವರ ಮೇಲಣ ಕನಿಕರವೆಂದು ಸುಮ್ಮನಿದ್ದರೆ ಆ ಕನಿಕರದ ಬೆಲೆಯನ್ನು ತೆರುವವರು ಇನ್ನಷ್ಟು ಬಡವರು.

ಆದುದರಿಂದ ದಂಡವು ಮೊದಲು ಲಾಭ ಹುಟ್ಟುವ ಕಡೆಗೆ ಹೋಗಬೇಕು. ಕಾರ್ಖಾನೆಯಲ್ಲಿ ನಿಂತುದನ್ನು ಸಾವಿರ ಬುಟ್ಟಿಗಳಲ್ಲಿ ಹುಡುಕುವ ಕಷ್ಟವಿರದು. ಗೃಹಸ್ಥನಿಗಾದರೋ ಶಾಸನದ ನೆವವೇ ಬೇಕಿಲ್ಲ. ಅವನ ತಂದೆ ಸಂತೆಗೆ ಬಟ್ಟೆಯ ಚೀಲವನ್ನೇ ಒಯ್ಯುತ್ತಿದ್ದನು. ಈಗಲೂ ಮದುವೆಯ ಪಂಕ್ತಿಯಲ್ಲಿ ಬಾಳೆಯೆಲೆಯ ಮಗ್ಗುಲಿಗೇ ಪ್ಲಾಸ್ಟಿಕ್ ಲೋಟವನ್ನಿಡುವ ಸ್ಥಿತಿವಂತರುಂಟು. ಆ ಚಪ್ಪರದೊಳಕ್ಕೆ ದಂಡದ ಪುಸ್ತಕ ಬರುವುದು ಅಪರೂಪ.