ಬಾಗಿಲ ಹೊರಗೆ ನಿಲ್ಲುವ ಮಾಲೀಕ
(ಧರ್ಮೋಪದೇಶಕಾಂಡ 24:10-13)

ಇವತ್ತು ನಾನು ಬಾಡಿಗೆ ಮನೆ ಬಗ್ಗೆ ಮಾತಾಡ್ತೀನಿ. ನಗಬೇಡಿ! ಮೇಲಿನ ಮಹಡಿ ಬಾಡಿಗೆಗೆ ಕೊಟ್ಟ ಕುಟುಂಬದವರೂ ಇಲ್ಲಿದ್ದೀರಿ, ತಿಂಗಳು ತಿಂಗಳು ಬಾಡಿಗೆ ಕಟ್ಟುವವರೂ ಇದ್ದೀರಿ. ಕರ್ತನ ಮೇಜಿನಲ್ಲಿ ಇಬ್ಬರಿಗೂ ಒಂದೇ ರೊಟ್ಟಿ.

ಚಾಮರಾಜನಗರದಿಂದ ಪುಣಜನೂರು ಚೆಕ್‌ಪೋಸ್ಟ್ ದಾಟಿ ಸತ್ಯಮಂಗಲಕ್ಕೆ ಹೋದವರಿಗೆ ಗೊತ್ತು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ದಿಂಬಂ ಘಾಟ್‌ನಲ್ಲಿ ಹೊರಗಿನವರ ಕಾರು ಬಿಡಲ್ಲ. ಎಷ್ಟು ಲಕ್ಷದ ಗಾಡಿಯಾದರೂ ಕಾಯಲೇಬೇಕು. ಯಾಕಂದ್ರೆ ಆ ಕಾಡು ಆನೆ, ಹುಲಿಗಳ ಮನೆ, ನಾವು ದಾಟಿಹೋಗುವವರು. ಯಾಜಕಕಾಂಡ 25:23ರಲ್ಲಿ ದೇವರು ಇಸ್ರಾಯೇಲ್ಯರಿಗೆ ಕಲಿಸಿದ್ದೂ ಇದೇ. ಜಮೀನಿನ ನಿಜವಾದ ಒಡೆಯನು ಆತನೇ. ಹಾಗಾದರೆ ಖಾತೆ ನಿಮ್ಮ ಹೆಸರಲ್ಲಿದ್ದರೂ ನೀವು ಯಾರು? ದೇವರ ಬಾಡಿಗೆದಾರರು! ಆಮೆನ್ ಹೇಳ್ತೀರಾ?

ಈಗ ನಮ್ಮ ವಾಕ್ಯಕ್ಕೆ ಬನ್ನಿ. ಸಾಲ ಕೊಟ್ಟವನು ಒತ್ತೆ ತರೋದಕ್ಕೆ ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವಾಗ ತಿರುಗಿ ಕೊಡಬೇಕು. ಹಕ್ಕು ಇರುವವನಿಗೇ ದೇವರು ಹೊಸ್ತಿಲ ಹೊರಗೆ ನಿಲ್ಲು ಅಂತಾನೆ. ನೋಡಿ, ಅಲ್ಲಿ ಒಳಗಿರುವವನ ಮರ್ಯಾದೆಯನ್ನು ದೇವರು ಕಾಯ್ತಾನೆ.

ಅಡ್ವಾನ್ಸ್ ಅನ್ನೋದು ಇವತ್ತಿನ ಒತ್ತೆ. ಬೆಂಗಳೂರಲ್ಲಿ 10 ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ನಿಮಗೆಲ್ಲ ಗೊತ್ತು. ಎಷ್ಟೋ ಹುಡುಗರು ಅದನ್ನು ಸಾಲ ಮಾಡಿ ಕಟ್ಟಿರ್ತಾರೆ. ಆ ಹಣ ನಿಮ್ಮ ಹತ್ತಿರ ಇದೆ, ಆದರೆ ನಿಮ್ಮದಲ್ಲ. ಅದರಲ್ಲಿ ಕಾರು ತಗೊಂಡು, ಅವರು ಖಾಲಿ ಮಾಡುವ ದಿನ "ಬ್ರದರ್, ಹೊಸಬರು ಬರಲಿ, ಆಮೇಲೆ ಕೊಡ್ತೀನಿ" ಅಂದರೆ, ಅದು ಅವರ ಹೊದಿಕೆ ಹೊದ್ದು ನೀವು ಮಲಗಿದ ಹಾಗೆ. ಪೇಂಟಿಂಗ್ ಖರ್ಚು ಹಿಡಿಯೋದಾದರೆ ಮೊದಲೇ ಮಾತಾಡಿ, ಬರೆದಿಡಿ.

ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸೋದಕ್ಕೂ 15 ದಿನ ಮುಂಚೆ ಲಿಖಿತ ನೋಟಿಸ್ ಕೊಡಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತೆ. ಲೋಕದ ಕಾನೂನೇ ಇಷ್ಟು ಕನಿಕರ ತೋರಿಸುವಾಗ, ಪರೀಕ್ಷೆ ಇರುವ ಮಕ್ಕಳನ್ನು ನಾವು ಭಾನುವಾರದೊಳಗೆ ಖಾಲಿ ಮಾಡಿ ಅನ್ನಬಹುದಾ?

ಬಾಡಿಗೆದಾರರೇ, ನಿಮಗೂ ವಾಕ್ಯ ಇದೆ. ಹೇಳದೆ ಕೇಳದೆ ಬೀಗ ಹಾಕಿ ಹೋಗಬೇಡಿ, ಕರೆಂಟ್ ಬಿಲ್ ಬಾಕಿ ಬಿಡಬೇಡಿ. ರೋಮಾಪುರದಲ್ಲಿ ಪೌಲನು ಎರಡು ವರ್ಷ ಬಾಡಿಗೆ ಮನೆಯಲ್ಲೇ ಇದ್ದನು. ಬಂದವರಿಗೆಲ್ಲಾ ಅಲ್ಲೇ ದೇವರ ರಾಜ್ಯವನ್ನು ಸಾರಿದನು. ಬಾಡಿಗೆ ಮನೆ ಸಣ್ಣ ಸ್ಥಳವಲ್ಲ.

ಬರುವ ಭಾನುವಾರ ಕರ್ತನ ಭೋಜನ. ಯಾರಿಗಾದರೂ ಅಡ್ವಾನ್ಸ್ ಕೊಡಬೇಕಿದ್ದರೆ ಅಷ್ಟರೊಳಗೆ ಕೊಡಿ. ಪೂರ್ತಿ ಆಗದಿದ್ದರೆ ಫೋನ್ ಮಾಡಿ, ತಾರೀಕು ಹೇಳಿ, ಆ ಮಾತನ್ನು ನಡೆಸಿ. ಆ ವಾಕ್ಯದ ಕೊನೆ ನೋಡಿ: ಹೊದಿಕೆ ವಾಪಸ್ ಸಿಕ್ಕಿದವನು ಮಲಗುವಾಗ ನಿಮ್ಮನ್ನು ಆಶೀರ್ವದಿಸ್ತಾನೆ, ದೇವರು ಅದನ್ನು ನೀತಿಯೆಂದು ಎಣಿಸ್ತಾನೆ. ಆ ಆಶೀರ್ವಾದ ನಮ್ಮ ಮನೆಗಳಿಗೆ ಬೇಕು.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಕೈಯಲ್ಲಿರುವ ಬೇರೆಯವರ ಹಣವನ್ನು ನೆನಪಿಗೆ ತಂದುಕೊಡು. ಅದನ್ನು ತಿರುಗಿ ಕೊಡುವ ಮನಸ್ಸನ್ನೂ ದಾರಿಯನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.